ಮೂಲೆಯೂರಿನ ಹಾಡು: ಕಿಂಗ್ ಕ್ರಿಯೊಸೋಟ್ ಮತ್ತು ಫೆನ್ಸ್ ಬಳಗದ ಕುರಿತು ಅಧ್ಯಯನ ಟಿಪ್ಪಣಿ

ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯಲ್ಲಿ, ಎಡಿನ್‌ಬರಾ ನಗರಕ್ಕೆ ಎದುರಾಗಿ ಫೋರ್ತ್ ಅಳಿವೆಯ ಆಚೆ ದಡದಲ್ಲಿ ಫೈಫ್ ಎಂಬ ಸೀಮೆಯಿದೆ. ಅದು ಸಮುದ್ರದೊಳಕ್ಕೆ ಚಾಚಿಕೊಂಡಿರುವ ಭಾಗವನ್ನು ಅಲ್ಲಿಯ ಜನ ಈಸ್ಟ್ ನ್ಯೂಕ್ ಎನ್ನುತ್ತಾರೆ. ಸ್ಕಾಟ್ಸ್ ಭಾಷೆಯಲ್ಲಿ ನ್ಯೂಕ್ ಎಂದರೆ ಮೂಲೆ. ಕ್ರೇಲ್, ಸೆಲ್ಲರ್‌ಡೈಕ್, ಆನ್‌ಸ್ಟ್ರದರ್, ಪಿಟನ್‌ವೀಮ್ ಎಂಬ ಸಣ್ಣ ಸಣ್ಣ ಮೀನುಗಾರಿಕೆಯ ಊರುಗಳು ಅಲ್ಲಿ ಒಂದರ ಪಕ್ಕಕ್ಕೊಂದು ಕುಳಿತಿವೆ. ಕಿಂಗ್ ಕ್ರಿಯೊಸೋಟ್ ಎಂಬ ಹೆಸರಿನಲ್ಲಿ ಹಾಡುವ ಕೆನ್ನಿ ಆಂಡರ್ಸನ್ ಅವರ ವೃತ್ತಿಜೀವನವನ್ನು ಅಧ್ಯಯನ ಮಾಡುವವರು ಮೊದಲು ಈ ಭೂಗೋಳವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಅವರು ಎಷ್ಟು ಬಾರಿ ಹೊರಗೆ ಹೋದರೂ ಹಾಡು ಮರಳಿ ಬಂದು ನಿಲ್ಲುವುದು ಇದೇ ಮೂಲೆಯಲ್ಲಿ.

ಇವರ ಹಾಡುಗಳಿಗೆ ಹಚ್ಚುವ ಇಂಡಿ ಫೋಕ್ ಎಂಬ ಮಾತನ್ನು ಜಾನಪದ ಎಂದು ಅನುವಾದಿಸಿಕೊಂಡು ಮುಂದೆ ಹೋಗುವವರು ಆರಂಭದಲ್ಲಿಯೇ ಎಡವುತ್ತಾರೆ. ಜಾನಪದ ಗೀತೆಗೆ ಕರ್ತೃವಿನ ಹೆಸರಿಲ್ಲ; ಇಲ್ಲಿ ಕರ್ತೃವೇ ಎಲ್ಲವೂ. ಸಾಹಿತ್ಯ ಬರೆಯುವವರು, ರಾಗ ಕಟ್ಟುವವರು, ಹಾಡುವವರು ಒಬ್ಬರೇ ಆಗಿರುವುದರಿಂದ ನಮ್ಮ ವಾಗ್ಗೇಯಕಾರ ಎಂಬ ಪದವೇ ಹೆಚ್ಚು ಸಮೀಪದ್ದು ಎಂದು ನನಗೆ ಅನ್ನಿಸುತ್ತದೆ. ಫೋಕ್ ಎಂಬ ಅಂಶ ವಾದ್ಯಗಳಲ್ಲಿ, ಉಚ್ಚಾರದಲ್ಲಿ ಮತ್ತು ಊರಿನ ಸಂಗತಿಗಳಲ್ಲಿ ಬರುತ್ತದೆ. ಇಂಡಿ ಎಂಬುದು ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡನ್ನು ಹೊರತರುವ ವ್ಯವಸ್ಥೆಯನ್ನು ಸೂಚಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ: ಕಿಂಗ್ ಕ್ರಿಯೊಸೋಟ್ ಒಬ್ಬ ವ್ಯಕ್ತಿಯ ಹೆಸರೂ ಹೌದು, ಅವರ ಸುತ್ತ ಆಗಾಗ ಸೇರಿ ಚದುರುವ ತಂಡದ ಹೆಸರೂ ಹೌದು.

ಆಂಡರ್ಸನ್ 1967ರಲ್ಲಿ ಜನಿಸಿದರು. ಅವರ ತಂದೆ ಬಿಲ್ಲಿ ಆಂಡರ್ಸನ್ ಸ್ಕಾಟಿಷ್ ನೃತ್ಯಕೂಟಗಳಿಗೆ ಅಕಾರ್ಡಿಯನ್ ನುಡಿಸುತ್ತಿದ್ದ ಕಲಾವಿದರು. ಮಗನ ಎದೆಯ ಮೇಲೆಯೂ ಅದೇ ವಾದ್ಯ ಬಂದು ಕುಳಿತಿತು. 1990ರ ದಶಕದಲ್ಲಿ ಅವರು ಸ್ಕೂಬಿ ಡೂ ಆರ್ಕೆಸ್ಟ್ರಾ ಮತ್ತು ಖಾರ್ಟೂಮ್ ಹೀರೋಸ್ ಎಂಬ ಎರಡು ತಂಡಗಳಲ್ಲಿ ದುಡಿದರು. ಆ ತಂಡಗಳು ಉಳಿಯಲಿಲ್ಲ. ಆ ಬಳಿಕ ಅವರು ಹಿಡಿದ ದಾರಿ ನಮ್ಮ ಅಧ್ಯಯನಕ್ಕೆ ಮುಖ್ಯವಾದದ್ದು: ಮನೆಯಲ್ಲಿಯೇ ಹಾಡನ್ನು ಧ್ವನಿಮುದ್ರಿಸಿ, ಖಾಲಿ ಸಿಡಿಗಳಿಗೆ ತಾವೇ ತುಂಬಿಸಿ, ಫೆನ್ಸ್ ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್ಲಿನ, ಅಂದರೆ ಆಲ್ಬಂ ಹೊರತರುವ ಸಂಸ್ಥೆಯ, ಹೆಸರಿನಲ್ಲಿ ಮಾರುವುದು. ಹೀಗೆ ಮಾಡಿದರೆ ಒಂದು ಆಲ್ಬಂ ಐವತ್ತು ಪ್ರತಿ ಹೋದರೂ ನಷ್ಟವಿಲ್ಲ, ಮುಂದಿನದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಅವರ ಆಲ್ಬಂಗಳ ಸಂಖ್ಯೆ 40ನ್ನು ದಾಟಲು ಕಾರಣ ಈ ಅಗ್ಗದ ವಿಧಾನವೇ ಹೊರತು ಬರಿಯ ಪ್ರತಿಭೆಯ ಹುರುಪಲ್ಲ. ಕ್ರಿಯೊಸೋಟ್ ಎಂದರೆ ಮರ ಕೊಳೆಯದಂತೆ ಬೇಲಿಯ ಕಂಬಗಳಿಗೆ ಬಳಿಯುವ ಡಾಂಬರಿನಂಥ ಎಣ್ಣೆ, ಫೆನ್ಸ್ ಎಂದರೆ ಬೇಲಿ. ಎರಡು ಹೆಸರನ್ನೂ ಜೊತೆಗಿಟ್ಟು ನೋಡಿದರೆ ಇವರ ಹಾಸ್ಯದ ಧಾಟಿ ತಿಳಿಯುತ್ತದೆ.

ಬೇಲಿಯೊಳಗೆ ಅವರೊಬ್ಬರೇ ಇರಲಿಲ್ಲ, ಫೆನ್ಸ್ ಸುತ್ತ ಹಾಡುಗಾರರ ಬಳಗವೇ ಸೇರಿತ್ತು. ಆಂಡರ್ಸನ್ ಅವರ ಅವಳಿ ತಮ್ಮಂದಿರಿಬ್ಬರೂ ಹಾಡುಗಾರರು. ಅವರಲ್ಲಿ ಗಾರ್ಡನ್, ಲೋನ್ ಪಿಜನ್ ಎಂಬ ಹೆಸರಿನಲ್ಲಿ ಹಾಡಿದವರು, ಬೀಟಾ ಬ್ಯಾಂಡ್ ತಂಡದ ಸ್ಥಾಪಕರಲ್ಲಿ ಒಬ್ಬರು. ಸೇಂಟ್ ಆಂಡ್ರೂಸ್‌ನಲ್ಲಿ ಬೆಳೆದು ನಂತರ ಜಗತ್ತಿಗೆಲ್ಲ ಪರಿಚಿತರಾದ ಕೆ.ಟಿ. ಟನ್‌ಸ್ಟಾಲ್ ಅವರ ಆರಂಭದ ಒಡನಾಟವೂ ಈ ಬಳಗದ್ದೇ. ಫೈಫ್‌ನವರೇ ಆದ ಜೇಮ್ಸ್ ಯಾರ್ಕ್‌ಸ್ಟನ್ 2002ರಲ್ಲಿ ಡೊಮಿನೊ ಲೇಬಲ್ಲಿನಿಂದ ಮೊದಲ ಆಲ್ಬಂ ತಂದರು. ಪಿಕ್ಟಿಷ್ ಟ್ರೇಲ್ ಎಂಬ ಹೆಸರಿನ ಜಾನಿ ಲಿಂಚ್ ಮುಂದೆ ಫೆನ್ಸ್ ಲೇಬಲ್ಲಿನ ಕೆಲಸಕ್ಕೆ ಹೆಗಲು ಕೊಟ್ಟರು. ಒಬ್ಬರ ಆಲ್ಬಂನಲ್ಲಿ ಇನ್ನೊಬ್ಬರು ನುಡಿಸುವುದು ಇಲ್ಲಿ ವಾಡಿಕೆಯಾಗಿತ್ತು. ಹಾಗಾಗಿ ಯಾರು ಯಾವ ತಂಡ ಎಂದು ಗೆರೆ ಎಳೆಯಲು ಹೊರಟರೆ ಕೈ ಸೋಲುತ್ತದೆ.

2005ರಿಂದ 2007ರವರೆಗಿನ ಅವಧಿಯನ್ನು ನಾನು ಬೇಗ ದಾಟಿಸುತ್ತೇನೆ. ವಾರ್ನರ್ ಸಮೂಹಕ್ಕೆ ಸೇರಿದ 679 ಲೇಬಲ್ ಕೆಸಿ ರೂಲ್ಸ್ ಓಕೆ ಮತ್ತು ಬಾಂಬ್‌ಶೆಲ್ ಎಂಬ ಆಲ್ಬಂಗಳನ್ನು ಪ್ರಕಟಿಸಿತು. ಅಚ್ಚುಕಟ್ಟಾದ ಕೆಲಸವೇ, ಆದರೆ ಮನೆಯ ಸಿಡಿಗಳ ಒರಟುತನದಲ್ಲಿದ್ದ ಜೀವಂತಿಕೆ ಅಲ್ಲಿ ಸ್ವಲ್ಪ ಕಡಿಮೆ. ಈ ಅವಧಿಯಿಂದ ದಕ್ಕಿದ ನಿಜವಾದ ಲಾಭವೆಂದರೆ ಬಾಂಬ್‌ಶೆಲ್‌ನ ನಿರ್ಮಾಪಕರಾಗಿ ಬಂದ ಎಲೆಕ್ಟ್ರಾನಿಕ್ ಸಂಗೀತಗಾರ ಜಾನ್ ಹಾಪ್ಕಿನ್ಸ್ ಅವರ ಸ್ನೇಹ.

ಆ ಸ್ನೇಹದ ಫಲ 2011ರಲ್ಲಿ ಡೊಮಿನೊ ಮೂಲಕ ಬಂದ ಡೈಮಂಡ್ ಮೈನ್. ಒಟ್ಟು ಏಳು ಹಾಡು, ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು. ಹಾಡುಗಳು ಹೊಸವಲ್ಲ, ಆಂಡರ್ಸನ್ ವರ್ಷಗಳಿಂದ ಗುಡ್ಡೆ ಹಾಕಿದ್ದ ಹಳೆಯ ರಾಶಿಯಿಂದ ಹೆಕ್ಕಿದವು. ಹಾಪ್ಕಿನ್ಸ್ ಅವುಗಳನ್ನು ಹೊಸದಾಗಿ ಹಾಡಿಸಿ, ಫೈಫ್‌ನಲ್ಲಿ ತಾವು ಮುದ್ರಿಸಿಕೊಂಡ ಸುತ್ತಲಿನ ಸದ್ದುಗಳ ನಡುವೆ ಕೂರಿಸಿದರು. ಹೆಡ್‌ಫೋನ್ ಹಾಕಿಕೊಂಡು ಮೊದಲ ತುಣುಕನ್ನು ಕೇಳಿ: ಹಾಡಿನ ಮಾತಿಲ್ಲ, ಯಾವುದೋ ಕೆಫೆಯಲ್ಲಿ ಕಪ್ಪು ಬಸಿ ತಾಗುವ ಸದ್ದು, ಜನರ ಗುಜುಗುಜು, ಅದರ ಅಡಿಯಿಂದ ಪಿಯಾನೊ ಮೆಲ್ಲಗೆ ಮೇಲೆದ್ದು ಬರುತ್ತದೆ. ನಾವು ಸಭಾಂಗಣದಲ್ಲಿ ಅಲ್ಲ, ಊರಿನ ಒಂದು ಮೇಜಿನ ಮುಂದೆ ಕುಳಿತಿದ್ದೇವೆ ಎಂಬ ಭಾವನೆ ಎರಡೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಬರುವ ದನಿ ತೆಳ್ಳಗಿನದು, ಮೇಲಿನ ಸ್ವರಗಳಲ್ಲಿ ಕೊಂಚ ನಡುಗುವಂಥದ್ದು. ಪದಗಳನ್ನು ಇಂಗ್ಲೆಂಡಿನ ಉಚ್ಚಾರಕ್ಕೆ ಒಗ್ಗಿಸದೆ ಫೈಫ್‌ನ ನಾಲಿಗೆಯಲ್ಲಿಯೇ ಬಿಡುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಈ ಆಲ್ಬಂ ಏರಿತು, ಪ್ರಶಸ್ತಿ ಪಿ.ಜೆ. ಹಾರ್ವೆ ಅವರ ಪಾಲಾಯಿತು. ವರ್ಷಗಟ್ಟಲೆ ಸಿಡಿಗಳನ್ನು ಕೈಯಾರೆ ತುಂಬಿಸಿದವರಿಗೆ ಹಳೆಯ ಹಾಡುಗಳೇ ಹೊಸ ಕೇಳುಗರನ್ನು ತಂದುಕೊಟ್ಟವು ಎಂಬುದನ್ನು ಗುರುತು ಹಾಕಿಕೊಳ್ಳಿ. ಸಿಡಿಗಳ ಆ ರಾಶಿ ವ್ಯರ್ಥ ಉತ್ಪಾದನೆಯಲ್ಲ, ಬೀಜದ ದಾಸ್ತಾನು.

ವಿತರಣೆಯ ವಿಷಯದಲ್ಲಿ ಇವರದು ವಿಚಿತ್ರ ಹಟ. ಅಂತರ್ಜಾಲದಲ್ಲಿ ಎಲ್ಲ ಹಾಡೂ ಎಲ್ಲರಿಗೂ ಸಿಗತೊಡಗಿದ ಕಾಲದಲ್ಲಿ ಆಂಡರ್ಸನ್ ಕೆಲವು ವಿನೈಲ್ ತಟ್ಟೆಗಳನ್ನು ತಮ್ಮ ಕಾರ್ಯಕ್ರಮ ನಡೆದ ಜಾಗದಲ್ಲಷ್ಟೇ ಮಾರಿದರು. ಫೆನ್ಸ್ ಬಳಗದ ಹೋಮ್‌ಗೇಮ್ ಉತ್ಸವವೂ ಇದೇ ತರ್ಕದ್ದು: ಆನ್‌ಸ್ಟ್ರದರ್ ಮತ್ತು ಸೆಲ್ಲರ್‌ಡೈಕ್‌ನ ಸಭಾಭವನಗಳಲ್ಲಿ, ಪಬ್ಬುಗಳಲ್ಲಿ ಹಾಡು ನಡೆಯುತ್ತಿದ್ದುದರಿಂದ ಊರು ಹಿಡಿಸುವಷ್ಟೇ ಜನಕ್ಕೆ ಟಿಕೆಟ್ಟು. ಇದನ್ನು ವ್ಯಾಪಾರ ತಿಳಿಯದವರ ಮೊಂಡುತನ ಎಂದು ಓದುವುದು ಸುಲಭ. ಆದರೆ ಹಾಡು ಕೇಳಲು ಊರಿಗೆ ಬರಲೇಬೇಕು ಎನ್ನುವುದರಲ್ಲಿ ಊರಿನ ಹೋಟೆಲಿಗೂ ಅಂಗಡಿಗೂ ದೊರೆಯುವ ಪಾಲನ್ನು ಲೆಕ್ಕಕ್ಕೆ ಹಿಡಿದರೆ ಚಿತ್ರ ಬೇರೆಯಾಗುತ್ತದೆ.

2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಸಾಂಸ್ಕೃತಿಕ ಕಾರ್ಯಕ್ರಮದ ಅಂಗವಾಗಿ ಫ್ರಂ ಸ್ಕಾಟ್‌ಲೆಂಡ್ ವಿತ್ ಲವ್ ಎಂಬ ಚಿತ್ರ ಬಂದಿತು. ನಿರ್ದೇಶಕಿ ವರ್ಜೀನಿಯಾ ಹೀತ್ ಅದನ್ನು ಹಳೆಯ ದಾಖಲೆ ಚಿತ್ರತುಣುಕುಗಳಿಂದಲೇ ಕಟ್ಟಿದರು: ಹಡಗುಕಟ್ಟೆ, ಕಾರ್ಖಾನೆ, ಕಡಲತೀರದ ರಜೆ, ಬೀದಿಯ ಮಕ್ಕಳು. ನಿರೂಪಣೆಯ ದನಿಯೇ ಇಲ್ಲ. ಆ ಕೆಲಸವನ್ನು ಕಿಂಗ್ ಕ್ರಿಯೊಸೋಟ್ ಹಾಡುಗಳು ಮಾಡುತ್ತವೆ. ತನ್ನ ಊರೊಂದನ್ನೇ ಹಾಡುತ್ತಿದ್ದವರಿಗೆ ಇಡೀ ದೇಶದ ನೆನಪಿಗೆ ದನಿ ಕೊಡುವ ಹೊಣೆ ಬಂದದ್ದು ಹೀಗೆ.

ಅಷ್ಟರಲ್ಲಿ ಬೇಲಿ ಮುರಿದಾಗಿತ್ತು. 2013ರಲ್ಲಿ ಜಾನಿ ಲಿಂಚ್ ಬೇರೆಯಾಗಿ ಲಾಸ್ಟ್ ಮ್ಯಾಪ್ ಎಂಬ ಲೇಬಲ್ ತೆರೆದರು. ಅದರ ನೆಲೆ ಪಶ್ಚಿಮ ಕರಾವಳಿಯ ಎಗ್ ದ್ವೀಪ. ನೂರರ ಆಸುಪಾಸಿನ ಜನವಸತಿಯ ಆ ದ್ವೀಪವನ್ನು ನಿವಾಸಿಗಳೇ ಸೇರಿ 1997ರಲ್ಲಿ ಕೊಂಡುಕೊಂಡಿದ್ದರು. ಯಾರ್ಕ್‌ಸ್ಟನ್ ಇನ್ನೂ ದೂರ ಹೋದರು: ಬಾಸ್ ವಾದಕ ಜಾನ್ ಥಾರ್ನ್ ಮತ್ತು ದೆಹಲಿಯ ಸಾರಂಗಿ ವಾದಕ ಸುಹೇಲ್ ಯೂಸುಫ್ ಖಾನ್ ಅವರೊಂದಿಗೆ 2016ರಿಂದ ಮೂರು ಆಲ್ಬಂ ತಂದರು. ಎರಡನೆಯದರ ಹೆಸರಿನಲ್ಲಿ ನ್ಯೂಕ್ ಮತ್ತು ದೆಹಲಿ ಅಕ್ಕಪಕ್ಕ ಕುಳಿತಿವೆ. 2020ರ ಮೂರನೆಯದು ನವರಸ.

ಆಂಡರ್ಸನ್ 2016ರ ಆಲ್ಬಂ ಆದ ಮೇಲೆ ಏಳು ವರ್ಷ ಬಿಟ್ಟು 2023ರಲ್ಲಿ ಐ ಡೆಸ್ ತಂದರು. ಅದರ ಕೊನೆಯಲ್ಲಿ ಅರ್ಧ ಗಂಟೆಯನ್ನೂ ಮೀರುವ ಒಂದೇ ತುಣುಕಿದೆ, ಹೆಸರು ಡ್ರೋನ್ ಇನ್ ಬಿ ಶಾರ್ಪ್. ಡ್ರೋನ್ ಎಂದರೆ ನಾವು ಶ್ರುತಿ ಎನ್ನುವ ನಿಂತ ನಾದ. ಪಿಯಾನೊದಲ್ಲಿ ಬಿ ಶಾರ್ಪ್ ಎಂದು ಹುಡುಕಿದರೆ ಬೆರಳು ಹೋಗಿ ಕೂರುವುದು ಸಿ ಮನೆಯ ಮೇಲೆಯೇ. ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ ಆ ತುಣುಕು ಉದ್ದವೆನ್ನಿಸುವುದಿಲ್ಲ. ಹಾಡು ಶುರುವಾಗುವುದಕ್ಕೆ ಕಾದಂತೆ ಇರುತ್ತದೆ, ಅಷ್ಟರಲ್ಲಿ ಮುಗಿದಿರುತ್ತದೆ.