ಕಪ್ಪೆ ಬೊಂಡಾಸಿನ ಚಿಪ್ಪು ಮತ್ತು ಚಿಕ್ಕಮ್ಮನ ಹಲ್ಲು

ಮಲ್ಪೆಯ ದಂಡೆಯಲ್ಲಿ ಒಮ್ಮೊಮ್ಮೆ ದೋಣಿಯಾಕಾರದ ಬಿಳಿ ತುಂಡುಗಳು ಕಾಲಿಗೆ ಸಿಗುತ್ತವೆ. ಥರ್ಮೋಕೋಲ್ ಅಲ್ಲ, ಕಪ್ಪೆ ಬೊಂಡಾಸ್ ಎಂಬ ಕಡಲಜೀವಿಯ (ಇಂಗ್ಲಿಷಿನಲ್ಲಿ ಕಟಲ್‌ಫಿಶ್) ಮೈಯೊಳಗಿನ ಚಿಪ್ಪು. ಉಗುರಿನಲ್ಲಿ ಕೆರೆದರೆ ಹಿಟ್ಟು ಉದುರುತ್ತದೆ. ಗಿಳಿ ಸಾಕುವವರು ಪಂಜರಕ್ಕೆ ಕಟ್ಟುತ್ತಾರೆ. ಆಯುರ್ವೇದದಲ್ಲಿ ಇದೇ ಸಮುದ್ರಫೇನ.

ಇದನ್ನು ಮೂಳೆ ತುಂಬಲು ಬಳಸುವ ಪ್ರಯತ್ನದ ಬಗ್ಗೆ ಓದುವ ಹಾಗಾಗಿದ್ದು ಚಿಕ್ಕಮ್ಮನಿಂದ. ಉಡುಪಿಯಲ್ಲಿ ದವಡೆ ಹಲ್ಲು ಕೀಳಿಸಿಕೊಂಡರು. ಇಂಪ್ಲಾಂಟ್ ಕೂರಿಸಲು ಮೂಳೆ ಸಾಲದು, ಗುಂಡಿಗೆ ಪುಡಿ ತುಂಬಬೇಕು ಅಂದರು ಡಾಕ್ಟರು. "ಎಂತದರ ಪುಡಿ ಡಾಕ್ಟ್ರೇ?" ಅಂತ ಚಿಕ್ಕಮ್ಮ. ಮೀನು ಮುಟ್ಟದ ಮನೆಯವರು ಕೇಳಲೇಬೇಕಾದ ಪ್ರಶ್ನೆ. ದನದ ಮೂಳೆಯಿಂದ ಖನಿಜ ಮಾತ್ರ ಉಳಿಸಿ ಮಾಡಿದ ಪುಡಿಯೂ ಇದೆ, ಲ್ಯಾಬಿನಲ್ಲೇ ತಯಾರಾದದ್ದೂ ಇದೆ. ಚಿಕ್ಕಮ್ಮ ಲ್ಯಾಬಿನದ್ದು ಹಾಕಿಸಿಕೊಂಡರು. ನಮ್ಮದೇ ಸೊಂಟದ ಮೂಳೆ ತೆಗೆದು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಅಲ್ಲೊಂದು ಗಾಯ ಜಾಸ್ತಿ.

ಈ ಪುಡಿಯೇ ಮೂಳೆಯಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಅದು ಸ್ಲ್ಯಾಬಿಗೆ ಕೊಡುವ ಸೆಂಟ್ರಿಂಗ್ ಇದ್ದ ಹಾಗೆ. ಬೇಗ ಬಿಚ್ಚಿದರೆ ಸ್ಲ್ಯಾಬ್ ಕುಸಿಯುತ್ತದೆ, ಬಿಚ್ಚದೇ ಬಿಟ್ಟರೆ ಜಾಗ ಸಿಗುವುದಿಲ್ಲ. ನಮ್ಮ ಮೂಳೆಯ ಮುಖ್ಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕರಗದೆ ಕೂರುತ್ತದೆ. ಪುಡಿಯ ಇನ್ನೊಂದು ಬಗೆಯಾದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತಿಂಗಳುಗಳಲ್ಲಿ ಕರಗುತ್ತದೆ. ಎರಡನ್ನೂ ಬೆರೆಸಿ ವೇಗ ಹೊಂದಿಸುತ್ತಾರೆ.

ನನಗೆ ಕುತೂಹಲ ಹುಟ್ಟಿಸಿದ್ದು ಈ ತುಂಬುವ ವಸ್ತುವಿನೊಳಗಿನ ತೂತುಗಳು. ನೀರ್‌ದೋಸೆಗೆ ತೂತು ಬೀಳದಿದ್ದರೆ ದೋಸೆಯೇ ಅಲ್ಲ, ಇಲ್ಲೂ ಅದೇ ಕಥೆ. ರಕ್ತನಾಳ ಒಳಗೆ ಹೊಕ್ಕರೆ ತಾನೇ ಮೂಳೆ ಕಟ್ಟುವ ಕೋಶಗಳು ಬದುಕುವುದು? ಅದಕ್ಕೆ ಕನಿಷ್ಠ 100 ಮೈಕ್ರಾನ್, ಅಂದರೆ ಕೂದಲೆಳೆಗಿಂತ ತುಸು ಅಗಲದ ದಾರಿ ಬೇಕು. 300 ದಾಟಿದರೆ ಇನ್ನೂ ಅನುಕೂಲ. ದಾರಿಗಳು ಒಂದಕ್ಕೊಂದು ಕೂಡಿಕೊಂಡಿರಲೂಬೇಕು. ಇದನ್ನು ಮಾಡುವ ಒಂದು ಉಪಾಯ ಅಡುಗೆಮನೆಯದೇ ಅನ್ನಬೇಕು. ಸ್ಪಂಜನ್ನು ಬಜ್ಜಿಯ ಹಾಗೆ ಖನಿಜದ ಹಿಟ್ಟಿನಲ್ಲಿ ಅದ್ದಿ, ಒಣಗಿಸಿ, 1200 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಸ್ಪಂಜು ಉರಿದುಹೋಗಿ ತೂತು ತೂತಾದ ಗಟ್ಟಿ ಹಂದರ ಉಳಿಯುತ್ತದೆ.

ಬೊಂಡಾಸಿನ ಚಿಪ್ಪಿಗೆ ಈ ಕಷ್ಟವಿಲ್ಲ. ತೆಳು ಪದರಗಳು, ನಡುವೆ ಪುಟಾಣಿ ಕಂಬಗಳು, ಕಂಬಗಳ ಮಧ್ಯೆ ಖಾಲಿ ಜಾಗ, ಎಲ್ಲ ಮೊದಲೇ ಸಿದ್ಧ. ಆದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಮೂಳೆಯದು ಕ್ಯಾಲ್ಸಿಯಂ ಫಾಸ್ಫೇಟ್. ಫಾಸ್ಫೇಟ್ ದ್ರಾವಣದ ಜೊತೆ ಬಿಗಿಯಾದ ಪಾತ್ರೆಯಲ್ಲಿಟ್ಟು ಸುಮಾರು 200 ಡಿಗ್ರಿಗೆ ಕಾಯಿಸಿದರೆ, ಪ್ರೆಶರ್ ಕುಕ್ಕರಿನ ಅಣ್ಣನಂಥ ಅದರೊಳಗೆ ಕಾರ್ಬೊನೇಟ್ ಹೊರಬಿದ್ದು ಫಾಸ್ಫೇಟ್ ಸೇರುತ್ತದೆ. ಮನೆ ಹಾಗೇ ಇರುತ್ತದೆ, ಕಲ್ಲು ಮಾತ್ರ ಬದಲಾಗುತ್ತದೆ. 1974ರಲ್ಲೇ ಹವಳದಲ್ಲಿ ಇದನ್ನು ಮಾಡಿ ತೋರಿಸಿದ್ದರು. ನಮ್ಮಲ್ಲಿ ಹವಳ ಕೀಳುವುದು ಅಪರಾಧ, ಬೊಂಡಾಸಿನ ಚಿಪ್ಪಾದರೋ ಕಸ. ಆದರೆ ಬಲ ಕಡಿಮೆ, ತೊಡೆಮೂಳೆಯ ಭಾರ ಹೊರಲಾರದು. ಸದ್ಯಕ್ಕೆ ಸಂಶೋಧನೆಯ ಹಂತ.

ಚಿಕ್ಕಮ್ಮನಿಗೆ ಇಷ್ಟನ್ನೂ ವಿವರಿಸಿದೆ. "ಅದೂ ಮೀನೇ ಅಲ್ವಾ ಮಾರಾಯ?" ಅಂದರು. ಮೀನಲ್ಲ, ಮರುವಾಯಿ ಚಿಪ್ಪಿಯ ನೆಂಟ ಅಂದೆ. ಮುಖ ಇನ್ನಷ್ಟು ಸಿಂಡರಿಸಿದರು.