ದುಡ್ಡು ಹಾಕದ ಪ್ರೊಡ್ಯೂಸರ್

ಕಳೆದ ತಿಂಗಳು ಒಬ್ಬ ಹುಡುಗಿ ತನ್ನ ಹಾಡು ಮಿಕ್ಸ್ ಮಾಡಿಸಲು ಸ್ಟುಡಿಯೋಗೆ ಬಂದಿದ್ದಳು. "ಸರ್, ಎಂಬತ್ತರ ದಶಕದ ಥರ ಕೇಳಿಸಬೇಕು" ಅಂದಳು. ಫೈಲ್ ತೆರೆದರೆ ಎಲ್ಲದರ ಮೇಲೂ ರಿವರ್ಬ್, ಅಂದರೆ ದೊಡ್ಡ ಖಾಲಿ ಕೋಣೆಯಲ್ಲಿ ಕೇಳಿಸುವಂಥ ಗುಂಗು, ಸುರಿದಿದ್ದಾಳೆ. ಡ್ರಮ್ಸ್, ಕೀಬೋರ್ಡ್, ದನಿ ಎಲ್ಲವೂ ಬಾವಿಯೊಳಗಿಂದ ಬಂದ ಹಾಗಿತ್ತು. ಅದನ್ನೆಲ್ಲ ಬಂದ್ ಮಾಡಿ ಅವಳಿಗೆ 'ಆಪ್ ಜೈಸಾ ಕೋಯಿ' ಹಾಕಿ ಕೇಳಿಸಿದೆ.

1980ರ 'ಕುರ್ಬಾನಿ' ಚಿತ್ರದ ಹಾಡು ಅದು. ಹಾಡಿದ ನಾಜಿಯಾ ಹಸನ್‌ಗೆ ಆಗ 15 ವರ್ಷ. ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಹೆಸರೂ ಉಳಿಯಿತು. ಆದರೆ ಹಾಡು ಮಾಡಿದ ಬಿದ್ದು ಯಾರು ಅಂತ ಕೇಳಿದರೆ ಬೆಂಗಳೂರಿನಲ್ಲೇ ಜಾಸ್ತಿ ಜನ ತಲೆ ಕೆರೆದುಕೊಳ್ಳುತ್ತಾರೆ. ಬಿದ್ದು ಅಪ್ಪಯ್ಯ ಹುಟ್ಟಿದ್ದು ಇದೇ ಊರಿನಲ್ಲಿ, ಕೊಡವರು. ಇಲ್ಲಿ ಟ್ರೋಜನ್ಸ್ ಅನ್ನುವ ಬ್ಯಾಂಡ್‌ನಲ್ಲಿದ್ದು, 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. ಅವರು ಪ್ರೊಡ್ಯೂಸ್ ಮಾಡಿ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫು ಫೈಟಿಂಗ್' 1974ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು. ರೆಕಾರ್ಡಿನ ಎರಡನೇ ಬದಿಗೆ ಏನಾದರೂ ಇರಲಿ ಅಂತ, ಮಿಕ್ಕ ಸಮಯದಲ್ಲಿ ಗಡಿಬಿಡಿಯಿಂದ ಮುಗಿಸಿದ ಹಾಡದು!

ನಮ್ಮಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ಪಾಪ್ ಸಂಗೀತದಲ್ಲಿ ಹಾಗಲ್ಲ. ಯಾವ ವಾದ್ಯ ಬೇಕು, ಯಾವುದು ಬೇಡ, ಹಾಡುವವರು ಮೈಕಿಗೆ ಎಷ್ಟು ಹತ್ತಿರ ನಿಲ್ಲಬೇಕು, ಯಾವ ಟೇಕ್ ಉಳಿಯಬೇಕು ಎಲ್ಲ ಅವರ ತೀರ್ಮಾನ. ಸಿನಿಮಾದಲ್ಲಿ ಡೈರೆಕ್ಟರ್ ಮಾಡುವ ಕೆಲಸ ಅನ್ನಿ. 'ಕುರ್ಬಾನಿ'ಗೆ ದುಡ್ಡು ಹಾಕಿದ ಪ್ರೊಡ್ಯೂಸರ್ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಎರಡೂ ಬಗೆಯ ಪ್ರೊಡ್ಯೂಸರ್‌ಗಳು ನಮ್ಮೂರಿನವರೇ. ಹಾಡು ರೆಕಾರ್ಡ್ ಆಗಿದ್ದು ಮಾತ್ರ ಲಂಡನ್ನಿನಲ್ಲಿ.

ಅದರಿಂದ ಏನು ಬದಲಾಯಿತು? ಆಗಿನ ಬಾಂಬೆ ಪದ್ಧತಿಯಲ್ಲಿ ಹತ್ತಾರು ಪಿಟೀಲು, ಢೋಲಕ್, ಗಾಯಕರು ಎಲ್ಲ ಒಟ್ಟಿಗೆ ರೆಕಾರ್ಡ್ ಆಗುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಶುರು. ಅದರ ಸೊಗಸೇ ಬೇರೆ, ಇಲ್ಲ ಅನ್ನಲ್ಲ. ಬಿದ್ದು ಬಳಸಿದ್ದು 24 ಟ್ರ್ಯಾಕ್‌ಗಳ ಟೇಪ್. ಡ್ರಮ್ಸ್‌ಗೆ ಬೇರೆ ಟ್ರ್ಯಾಕ್, ಬೇಸ್ ಗಿಟಾರ್‌ಗೆ ಬೇರೆ, ದನಿಗೆ ಬೇರೆ. ಆಮೇಲೆ ನಿಧಾನವಾಗಿ ಕೂತು ಯಾವುದು ಎಷ್ಟು ಅಂತ ಹದ ಮಾಡಬಹುದು. ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ. ಯಾರೂ ಅದರ ದಾರಿಗೆ ಅಡ್ಡ ಬರಲ್ಲ. ಸಂಗೀತ ಕಲಿಯುತ್ತಿದ್ದ ದಿನಗಳಲ್ಲಿ ಇದನ್ನೆಲ್ಲ ಡಬ್ಬಾ ಡಿಸ್ಕೋ ಅಂದವನೇ ನಾನು. ಇಷ್ಟು ಕಡಿಮೆ ವಾದ್ಯ ಇಟ್ಟು ಹಾಡು ತುಂಬಿಸುವುದು ಎಷ್ಟು ಕಷ್ಟ ಅಂತ ಸ್ವಂತಕ್ಕೆ ಮಿಕ್ಸ್ ಮಾಡತೊಡಗಿದಾಗಲೇ ಗೊತ್ತಾಗಿದ್ದು.

ಇನ್ನು ನಾಜಿಯಾ ದನಿ. ಎಳೆ ದನಿ, ಆದರೂ ಡಿಸ್ಕೋ ತಾಳದ ಎದುರು ಸೊರಗಿಲ್ಲ. ಡಬಲ್ ಟ್ರ್ಯಾಕಿಂಗ್ ಮಾಡಿದ್ದಾರೆ. ಅಂದರೆ ಅದೇ ಸಾಲನ್ನು ಗಾಯಕಿ ಇನ್ನೊಮ್ಮೆ ಹಾಡುತ್ತಾರೆ, ಎರಡನ್ನೂ ಜೊತೆಗೆ ಇಡುತ್ತಾರೆ. ಗೋಡೆಗೆ ಎರಡನೇ ಕೈ ಸುಣ್ಣ ಹೊಡೆದ ಹಾಗೆ. ಒಂದೇ ಸಾಲನ್ನು ಎರಡು ಸಲ ಹಾಡಿದರೆ ಶ್ರುತಿಯಲ್ಲಿ, ಸಮಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ದನಿ ದಪ್ಪವಾಗುವುದು ಆ ವ್ಯತ್ಯಾಸದಿಂದಲೇ. 1981ರಲ್ಲಿ ಇದೇ ಜೋಡಿ 'ಡಿಸ್ಕೋ ದೀವಾನೆ' ಆಲ್ಬಂ ಮಾಡಿತು. ಅಲ್ಲಿಯೂ ಕಿವಿಗೊಟ್ಟು ಕೇಳಿ.

ನಮ್ಮ ಹುಡುಗಿಗೆ ಇದನ್ನೆಲ್ಲ ಹೇಳಿದ ಮೇಲೆ ಅವಳು ಥಟ್ಟನೆ ದನಿಯ ಟ್ರ್ಯಾಕನ್ನು ಕಾಪಿ ಮಾಡಿ ಕೆಳಗೆ ಅಂಟಿಸಿಬಿಟ್ಟಳು. "ಆಯ್ತಲ್ವಾ ಸರ್?" ಪ್ಲೇ ಮಾಡಿದೆ. ಸದ್ದು 6 ಡೆಸಿಬೆಲ್ ಜಾಸ್ತಿಯಾಯಿತು, ಅಷ್ಟೇ. ನಕಲಿನಲ್ಲಿ ವ್ಯತ್ಯಾಸವೇ ಇಲ್ಲವಲ್ಲ.

"ಮತ್ತೆ ಹಾಡಬೇಕಾ? ಚೆನ್ನಾಗೇ ಬಂದಿತ್ತು."

"ಚೆನ್ನಾಗೇ ಇದೆ. ಹೋಗು, ಇನ್ನೊಂದು ಸಲ ಹಾಡು."

ನಾಲ್ಕನೇ ಟೇಕ್ ಸರಿಯಾಗಿ ಕೂತಿತು. ರಿವರ್ಬ್ ಯಾವಾಗ ಹಾಕುತ್ತೀರಿ ಅಂತ ಅವಳು ಕೇಳಲೇ ಇಲ್ಲ.