ಸ್ಯಾಂಡಲ್‌ವುಡ್‌ನಲ್ಲಿರುವ ‘ಸ್ಯಾಂಡಲ್’ ಯಾವುದು?

ಪ್ರಶ್ನೆ: ನಮ್ಮದು ಮೈಸೂರು. ಶ್ರೀಗಂಧಕ್ಕೆ ಇಂಗ್ಲಿಷಿನಲ್ಲಿ ಸ್ಯಾಂಡಲ್‌ವುಡ್ ಅಂತಾರೆ. ಸ್ಯಾಂಡಲ್ ಅಂದರೆ ಚಪ್ಪಲಿ ಅಲ್ವಾ? ದೇವರಿಗೆ ತೇಯುವ ಗಂಧಕ್ಕೂ ಕಾಲಿಗೆ ಹಾಕುವ ಚಪ್ಪಲಿಗೂ ಏನು ಸಂಬಂಧ?

ಉತ್ತರ: ಯಾವ ಸಂಬಂಧವೂ ಇಲ್ಲ. ಇಂಗ್ಲಿಷಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ಚಪ್ಪಲಿಯ ಸ್ಯಾಂಡಲ್ ಗ್ರೀಕರ ‘ಸಾಂಡಲಿಯಾನ್’ ಎಂಬ ಮಾತಿನಿಂದ ಲ್ಯಾಟಿನ್ ದಾಟಿ ಬಂದದ್ದು. ಗಂಧದ ಸ್ಯಾಂಡಲ್ ಹೊರಟದ್ದು ನಮ್ಮ ಕಡೆಯಿಂದ. ಅದು ನಮ್ಮ ‘ಚಂದನ’ವೇ!

ಸಂಸ್ಕೃತದ ಚಂದನ ವ್ಯಾಪಾರದ ಸರಕಿನ ಜೊತೆ ಪಶ್ಚಿಮಕ್ಕೆ ಹೋಯಿತು. ಅರಬ್ಬಿಯಲ್ಲಿ ‘ಚ’ ಇಲ್ಲ. ಅಲ್ಲಿ ಅದು ‘ಸಂದಲ್’. ಗ್ರೀಕಿನಲ್ಲಿ ‘ಸಾಂಟಲಾನ್’, ನಡುಗಾಲದ ಲ್ಯಾಟಿನ್ನಿನಲ್ಲಿ ‘ಸಾಂಡಲಮ್’. ಆಮೇಲೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಗಂಧದ ಮರದ ಸಸ್ಯಶಾಸ್ತ್ರದ ಹೆಸರು ‘ಸ್ಯಾಂಟಲಮ್ ಆಲ್ಬಮ್’ ಅಂತ ಇರುವುದೂ ಇದೇ ಕಾರಣಕ್ಕೆ. ಸಂಸ್ಕೃತದ ಚಂದನವೇ ದ್ರಾವಿಡ ನುಡಿಯಿಂದ ಹೋದದ್ದು ಎನ್ನುವ ಭಾಷಾ ವಿದ್ವಾಂಸರೂ ಇದ್ದಾರೆ. ತಮಿಳಿನಲ್ಲಿ ಅರೆದ ಗಂಧಕ್ಕೆ ‘ಸಾಂದು’ ಎನ್ನುತ್ತಾರೆ, ಅದನ್ನು ತೋರಿಸುತ್ತಾರೆ.

ಹೀಗೆ ಹೊರಗೆ ಹೋದ ಮಾತು ನಮ್ಮೂರಿಗೆ ಇನ್ನೊಂದು ದಾರಿಯಲ್ಲೂ ವಾಪಸ್ ಬಂದಿದೆ. ಮೈಸೂರು, ಮಂಡ್ಯ ಕಡೆಯ ದರ್ಗಾಗಳಲ್ಲಿ ಉರುಸ್ ನಡೆಯುವಾಗ ಗಂಧದ ಮೆರವಣಿಗೆ ಹೊರಡುತ್ತದೆ. ಅದಕ್ಕೆ ‘ಸಂದಲ್’ ಅಂತಲೇ ಹೆಸರು. ದೇವಸ್ಥಾನದ ಚಂದನ, ದರ್ಗಾದ ಸಂದಲ್, ಸೋಪಿನ ಮೇಲಿನ ಸ್ಯಾಂಡಲ್, ಮೂರೂ ಒಂದೇ ಬೇರಿನವು. ನನಗೆ ಈ ಮಾತಿನ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು.

ಇನ್ನು ‘ವುಡ್’. ಇಂಗ್ಲಿಷಿನವರು ಮೊದಮೊದಲು ಬರೀ ಸ್ಯಾಂಡಲ್ ಅನ್ನುತ್ತಿದ್ದರು, ‘ಸ್ಯಾಂಡರ್ಸ್’ ಅಂತಲೂ ಅನ್ನುತ್ತಿದ್ದರು. ರಕ್ತಚಂದನವನ್ನು ಈಗಲೂ ರೆಡ್ ಸ್ಯಾಂಡರ್ಸ್ ಅನ್ನುವುದು ಆ ಹಳೆಯ ರೂಪದ ಉಳಿಕೆ. ಆದರೆ ಅದು ಬೇರೆಯೇ ಜಾತಿಯ ಮರ, ಶ್ರೀಗಂಧದ ಪರಿಮಳ ಅದಕ್ಕಿಲ್ಲ. ವುಡ್ ಸೇರಿದ್ದು ಆಮೇಲೆ. ಇಲ್ಲಿ ವುಡ್ ಅಂದರೆ ಕಡಿದ ಮರ, ಕೊರಡು. ಅದು ಸರಿಯಾಗಿಯೇ ಇದೆ. ಗಂಧದ ಮರದ ಹೂವಿಗೆ, ಎಲೆಗೆ ಆ ವಾಸನೆ ಇಲ್ಲ. ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧದ ಕೊರಡು ಇಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಎಣ್ಣೆ ತೆಗೆಯುವ ಕೆಲಸವನ್ನು ಇಲ್ಲೇ ಶುರು ಮಾಡಿತು. ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಹುಟ್ಟಿದ್ದು ಹಾಗೆ.

ಸಿನಿಮಾದ ಸ್ಯಾಂಡಲ್‌ವುಡ್ ಬಗ್ಗೆಯೂ ಜಾಸ್ತಿ ಜನ ಕೇಳುತ್ತಾರೆ. ಹಾಲಿವುಡ್ ಲಾಸ್ ಏಂಜಲಿಸ್‌ನ ಒಂದು ಬಡಾವಣೆ. ಹಾಲಿ ಒಂದು ಗಿಡದ ಹೆಸರು, ಅಲ್ಲಿನ ವುಡ್ ಅಂದರೆ ಕಾಡು, ತೋಪು. ಬಾಂಬೆಯ ‘ಬಾ’ಗೆ ಅದರ ಬಾಲ ಅಂಟಿಸಿ ಬಾಲಿವುಡ್ ಮಾಡಿದರು. ನಮ್ಮದನ್ನು ಹಾಗೆ ಕತ್ತರಿಸಿ ಜೋಡಿಸಬೇಕಾಗಲಿಲ್ಲ, ಇಂಗ್ಲಿಷಿನಲ್ಲಿ ಮೊದಲೇ ಇದ್ದ ಇಡೀ ಪದ ಸಿಕ್ಕಿತು. ಅದನ್ನು ಕನ್ನಡದಲ್ಲಿ ‘ಚಂದನವನ’ ಅನ್ನುವಾಗ ನಾವು ಗಂಧದ ಕೊರಡನ್ನು ಬಿಟ್ಟು ಹಾಲಿವುಡ್ಡಿನ ಕಾಡನ್ನು ತೆಗೆದುಕೊಂಡಿದ್ದೇವೆ.